ಥೈರಾಯ್ಡ್ ಶಸ್ತ್ರಚಿಕಿತ್ಸೆಯಲ್ಲಿ ರಕ್ತ ತಡೆಯುವ ಬಗೆಗಳು: ಆರನೇ ತಿಂಗಳ ಟಿಪ್ಪಣಿ

ಸ್ನಾತಕೋತ್ತರ ಪ್ರಬಂಧಕ್ಕೆಂದು ಮೂರು ವಿಧಾನಗಳನ್ನು ಹೋಲಿಸುತ್ತಿದ್ದೇನೆ. ರಕ್ತನಾಳಕ್ಕೆ ಕ್ಲ್ಯಾಂಪ್ ಹಾಕಿ ರೇಷ್ಮೆ ದಾರದಿಂದ ಕಟ್ಟುವುದು ಒಂದು. ವಿದ್ಯುತ್ತಿನಿಂದ ನಾಳವನ್ನು ಬೆಸೆಯುವ ಬೈಪೋಲಾರ್ ಸೀಲರ್ ಇನ್ನೊಂದು. ಸೆಕೆಂಡಿಗೆ ಸುಮಾರು 55,000 ಸಲ ಕಂಪಿಸುತ್ತಾ ನಾಳವನ್ನು ಮುಚ್ಚಿ ಕತ್ತರಿಸುವ ಅಲ್ಟ್ರಾಸಾನಿಕ್ ಕತ್ತರಿ ಮೂರನೆಯದು. ಕಾಲ, ನಷ್ಟವಾದ ರಕ್ತ, ಧ್ವನಿ, ಕ್ಯಾಲ್ಸಿಯಂ, ಈ ನಾಲ್ಕನ್ನು ಬರೆದಿಡುವುದು ನನ್ನ ಕೆಲಸ.

ರಕ್ತ ಅಳೆಯುವುದೇ ಹೆಚ್ಚು ತಲೆನೋವು ಕೊಟ್ಟಿತು. ರಕ್ತ ಹೀರುವ ಬಟ್ಟೆಯಾದ ಗಾಜ್‌ನ (gauze) ಒದ್ದೆ ತುಂಡಿನ ತೂಕದಿಂದ ಒಣ ತೂಕ ಕಳೆದರೆ, ಒಂದು ಗ್ರಾಂಗೆ ಒಂದು ಮಿಲಿಲೀಟರ್ ಲೆಕ್ಕದಲ್ಲಿ ರಕ್ತದ ಪ್ರಮಾಣ ಸಿಗುತ್ತದೆ. ಆದರೆ ತೊಳೆಯಲು ಬಳಸಿದ ಸಲೈನ್ ಕೂಡ ಗಾಜ್‌ನಲ್ಲೇ ಇಂಗಿರುತ್ತದೆ. ತೂಗಲು ತಡವಾದರೆ ಗಾಜ್ ಆರುತ್ತದೆ. ಈಗ ಸಲೈನನ್ನು ಸಿರಿಂಜ್‌ನಲ್ಲಿ ಅಳೆದೇ ಹಾಕುತ್ತೇವೆ. ಸಿಸ್ಟರ್ ಪ್ರತಿ ತುಂಡನ್ನೂ ಕೈಗೆ ಬಂದ ಕೂಡಲೇ ತಕ್ಕಡಿಗಿಡುತ್ತಾರೆ. ಥೈರಾಯ್ಡ್‌ನಲ್ಲಿ ಶಸ್ತ್ರಚಿಕಿತ್ಸೆಯ ವೇಳೆ ನಷ್ಟವಾಗುವ ರಕ್ತವೇ ಕಡಿಮೆ. ಅಂಥಲ್ಲಿ ಕಣ್ಣಂದಾಜನ್ನು ನಂಬಿದರೆ ಮೂರು ವಿಧಾನಗಳ ಅಂತರವೇ ಅಳಿಸಿಹೋಗುತ್ತದೆ.

ಈ ತಿಂಗಳ ದೊಡ್ಡ ಬದಲಾವಣೆಗೆ ಕಾರಣ ಚಿಕ್ಕಮಗಳೂರು ಕಡೆಯ ಒಬ್ಬ ಮಹಿಳೆಯ ಗಳಗಂಡ. ಮೇಲಿನ ತುದಿಯ ಧಮನಿ ಅಲ್ಟ್ರಾಸಾನಿಕ್ ಕತ್ತರಿಗೆ ಸಲೀಸಾಗಿ ಮುಚ್ಚಿತು. ತೊಂದರೆ ಬಂದದ್ದು ಕೊನೆಯಲ್ಲಿ, ಗ್ರಂಥಿಯನ್ನು ಶ್ವಾಸನಾಳಕ್ಕೆ ಬಿಗಿದಿರುವ ಬೆರ್ರಿ ಲಿಗಮೆಂಟ್‌ನ ಹತ್ತಿರ. ನೂಲಿನಷ್ಟು ಸಣ್ಣ ನಾಳವೊಂದು ಚಿಮ್ಮಿತು. ಅದರ ಪಕ್ಕದಲ್ಲೇ, ಕೆಲವೇ ಮಿಲಿಮೀಟರ್ ದೂರದಲ್ಲಿ, ಧ್ವನಿಪೆಟ್ಟಿಗೆಗೆ ಹೋಗುವ ನರ ಬಿಳಿ ದಾರದಂತೆ ಹೊಳೆಯುತ್ತಿತ್ತು. ನನ್ನ ಕೈ ನಾಳವನ್ನು ಸುಟ್ಟು ಮುಚ್ಚುವ ಕಾಟರಿಯತ್ತ ಹೋಯಿತು. "ಬೇಡ, ಒತ್ತಿ ಹಿಡಿಯಿರಿ" ಎಂದರು ನಮ್ಮ ಸರ್. ಗಾಜ್‌ನ ಸಣ್ಣ ಉಂಡೆ ಇಟ್ಟು ಗಡಿಯಾರ ನೋಡುತ್ತಾ ಐದು ನಿಮಿಷ ನಿಂತೆವು. ತೆಗೆದಾಗ ಬರೀ ಜಿನುಗು ಉಳಿದಿತ್ತು. ತೆಳುವಾದ ದಾರದಿಂದ ಅದನ್ನು ಕಟ್ಟಿದೆವು. ಮರುದಿನ ಆಕೆ ತಮ್ಮದೇ ದನಿಯಲ್ಲಿ ಕಾಫಿ ಕೇಳಿದಾಗ ನನಗಾದ ನೆಮ್ಮದಿ ಹೇಳತೀರದು.

ಆ ರಾತ್ರಿ ಕೇಸ್ ದಾಖಲಿಸುವ ನಮೂನೆಯನ್ನು ಮತ್ತೆ ಓದಿದೆ. ಅದರಲ್ಲಿ ಆ ಕೇಸ್ "ಅಲ್ಟ್ರಾಸಾನಿಕ್" ಎಂದಷ್ಟೇ ದಾಖಲಾಗಿತ್ತು. ಆ ಐದು ನಿಮಿಷಕ್ಕೂ ಆ ದಾರಕ್ಕೂ ಅಲ್ಲಿ ಜಾಗವೇ ಇರಲಿಲ್ಲ. ಇಡೀ ಶಸ್ತ್ರಚಿಕಿತ್ಸೆಗೆ ಒಂದೇ ಹೆಸರು ಹಚ್ಚಿ ಹೋಲಿಸುವುದು ತಪ್ಪು ಎಂದು ನನಗೆ ಖಚಿತವಾಗಿದೆ. ಮೇಲಿನ ತುದಿಯಲ್ಲಿ ನಾಳ ದಪ್ಪ. ಅಲ್ಲಿ ಕಟ್ಟು ಜಾರಿದರೆ ನಾಳ ಮೇಲಕ್ಕೆ ಸರಿದು ಮರೆಯಾಗುತ್ತದೆ. ಕೆಳಗಿನ ಧಮನಿಯ ಕವಲುಗಳನ್ನು ಗ್ರಂಥಿಗೆ ಅಂಟಿಕೊಂಡೇ ಹಿಡಿಯಬೇಕು, ಇಲ್ಲದಿದ್ದರೆ ಕ್ಯಾಲ್ಸಿಯಂ ಕಾಯುವ ಪುಟ್ಟ ಗ್ರಂಥಿಗಳಾದ ಪ್ಯಾರಾಥೈರಾಯ್ಡ್‌ಗಳಿಗೆ ರಕ್ತ ತಪ್ಪಿ ಕ್ಯಾಲ್ಸಿಯಂ ಇಳಿಯುತ್ತದೆ. ನರದ ಬಳಿ ಬಿಸಿಯೇ ಶತ್ರು. ಅಲ್ಟ್ರಾಸಾನಿಕ್ ಬ್ಲೇಡ್ ಕೆಲಸ ನಿಲ್ಲಿಸಿದ ಮೇಲೂ ಕೆಲ ಹೊತ್ತು ಸುಡುತ್ತದೆ. ಹಾಗಾಗಿ ಹೊಸ ನಮೂನೆಯಲ್ಲಿ ಈ ಮೂರು ಜಾಗಗಳಿಗೂ ಬೇರೆ ಬೇರೆ ಕಾಲಂ ಇವೆ.

ನಮ್ಮ ಟ್ರೇಯಲ್ಲಿ ದಿನವೂ ಕಾಣುವ ಕೋಕರ್ ಕ್ಲ್ಯಾಂಪ್ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿದ್ದ ಥಿಯೋಡರ್ ಕೋಕರ್ ಅವರ ಹೆಸರಿನದು. ಗಳಗಂಡ ತೆಗೆಯುವುದೆಂದರೆ ಸಾವಿಗೆ ಆಹ್ವಾನ ಎನ್ನುತ್ತಿದ್ದ ಕಾಲದಲ್ಲಿ ಅವರು ಒಂದೊಂದೇ ನಾಳವನ್ನು ತಾಳ್ಮೆಯಿಂದ ಕಟ್ಟುತ್ತಾ ಸಾವಿನ ಪ್ರಮಾಣವನ್ನು ಶೇಕಡಾ ಒಂದಕ್ಕೂ ಕೆಳಗೆ ಇಳಿಸಿದರು. 1909ರಲ್ಲಿ ನೊಬೆಲ್ ಬಂತು. ದಾರದ ಗುಂಪನ್ನು "ಹಳೆಯ ವಿಧಾನ" ಎಂದು ಬರೆದಿದ್ದ ಸಾಲನ್ನು ಹೊಡೆದುಹಾಕಿದ್ದೇನೆ.

ಹೊಲಿಗೆಗೆ ಮುಂಚೆ ಅರಿವಳಿಕೆ ತಜ್ಞರು ಶ್ವಾಸಕೋಶದ ಒತ್ತಡ ಏರಿಸಿ ಹಿಡಿಯುತ್ತಾರೆ. ಅಡಗಿದ್ದ ಸಿರೆ ಆಗ ಜಿನುಗಿ ಸಿಕ್ಕಿಬೀಳುತ್ತದೆ. ಇದನ್ನೂ ಪ್ರತಿ ಕೇಸ್‌ಗೆ ಕಡ್ಡಾಯ ಮಾಡಿದ್ದೇವೆ. ವಾರ್ಡಿನಲ್ಲಿ ಹಾಸಿಗೆಯ ಪಕ್ಕ ಹೊಲಿಗೆ ಬಿಚ್ಚುವ ಸೆಟ್ ಇರಲೇಬೇಕು: ಕುತ್ತಿಗೆಯೊಳಗೆ ರಕ್ತ ತುಂಬಿ ಉಸಿರು ಕಟ್ಟಿದರೆ ಥಿಯೇಟರ್‌ಗೆ ಒಯ್ಯುವಷ್ಟು ಸಮಯ ಇರುವುದಿಲ್ಲ.

ಈ ಬದಲಾವಣೆಗಳ ತಿದ್ದುಪಡಿ ಪತ್ರವನ್ನು ಸಂಶೋಧನೆಯ ನೀತಿ ಸಮಿತಿಗೆ (ಎಥಿಕ್ಸ್ ಕಮಿಟಿ) ಸೋಮವಾರ ಕೊಟ್ಟಿದ್ದೇನೆ. ಒಪ್ಪಿಗೆ ಬರುವವರೆಗೆ ಹೊಸ ಕೇಸ್ ಸೇರಿಸುವುದಿಲ್ಲ.