ಒಂಬತ್ತರಲ್ಲಿ ಎರಡು

ನಿನ್ನೆ ಗೆಳತಿಯ ಜೊತೆ ಒಂದು ದಿನದ ಮಟ್ಟಿಗೆ ದೊಡ್ಡ ನಗರಕ್ಕೆ ಹೋಗಿ ಬಂದೆ. ಬೆಳಿಗ್ಗೆ ಮೊದಲ ರೈಲು, ರಾತ್ರಿ ಕೊನೆಯ ರೈಲು. ನೋಡಬೇಕಾದ ಜಾಗಗಳ ಪಟ್ಟಿ ಅವಳೇ ಮಾಡಿದ್ದಳು, ಒಟ್ಟು ಒಂಬತ್ತು. ನೋಡಿದ್ದು ಎರಡು.

ತಪ್ಪು ನಮ್ಮದಲ್ಲ, ಮೊಬೈಲ್ ಮ್ಯಾಪಿನದು ಅಂತ ಅವಳ ವಾದ. ಎತ್ತರದ ಕಟ್ಟಡಗಳ ನಡುವೆ ನಿಂತರೆ ಆ ನೀಲಿ ಚುಕ್ಕೆ ಹುಚ್ಚು ಹಿಡಿದ ಹಾಗೆ ಕುಣಿಯುತ್ತದೆ. ಒಮ್ಮೆ ರಸ್ತೆಯ ಈ ಬದಿ, ಒಮ್ಮೆ ಆ ಬದಿ, ಒಮ್ಮೆ ಯಾವುದೋ ಕಟ್ಟಡದ ಹೊಟ್ಟೆಯೊಳಗೆ. ಸುಮಾರು 20,200 ಕಿಲೋಮೀಟರ್ ಮೇಲಿರುವ ಜಿಪಿಎಸ್ ಉಪಗ್ರಹಗಳ ಸಿಗ್ನಲ್ ಗೋಡೆಗಳಿಗೆ ಬಡಿದು, ಸುತ್ತು ಹಾಕಿ ಫೋನಿಗೆ ತಲುಪುತ್ತದೆ. ಚೂರು ತಡವಾದರೂ ಸಾಕು, ದೂರದ ಲೆಕ್ಕ ತಪ್ಪುತ್ತದೆ. ಅಷ್ಟು ದೂರದಿಂದ ಸರಿಯಾಗಿ ಬಂದು ಕೊನೆಯ ಬೀದಿಯಲ್ಲಿ ದಾರಿ ತಪ್ಪುವುದು! ಥೇಟ್ ನಮ್ಮ ಹಾಗೆಯೇ, ಅಲ್ವಾ?

ಕೊನೆಗೆ ಫೋನ್ ಬ್ಯಾಗಿಗೆ ಹಾಕಿ ಒಂದು ಮೆಟ್ಟಿಲ ಮೇಲೆ ಸುಮ್ನೆ ಕೂತೆವು. ಹೊಸ ಚಪ್ಪಲಿ ಉಜ್ಜಿ ಅವಳ ಹಿಮ್ಮಡಿ ಕೆಂಪಾಗಿತ್ತು. ನನ್ನ ಕರವಸ್ತ್ರ ಮಡಚಿ ಅಲ್ಲಿಗೆ ತುರುಕಿಕೊಂಡಳು. ಎದುರಿಗೆ ಅಷ್ಟೊಂದು ಜನ ಓಡಾಡುತ್ತಿದ್ದರು, ಒಬ್ಬರೂ ನಮ್ಮತ್ತ ನೋಡಲಿಲ್ಲ. ಮೊದಲು ಒಂಥರಾ ಬೇಸರ ಅನ್ನಿಸಿತು. ಆಮೇಲೆ ಹಾಯೆನಿಸಿತು. ಯಾರೂ ಗುರುತಿಸದ ಕಡೆ, ಗುರುತಿರುವ ಒಬ್ಬಳೇ ಪಕ್ಕದಲ್ಲಿದ್ದಾಗ ಮಾತು ಬೇರೆಯೇ ಕಡೆ ಹರಿಯುತ್ತದೆ. ಇಷ್ಟು ವರ್ಷ ಹೇಳದಿದ್ದ ಒಂದು ವಿಷಯವನ್ನು ಅವಳು ಅಲ್ಲೇ ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ.

ವಾಪಸ್ ಬರುವಾಗ ರೈಲಲ್ಲಿ ಇಬ್ಬರಿಗೂ ನಿದ್ದೆ. ಕರವಸ್ತ್ರ ಇನ್ನೂ ಅವಳ ಹತ್ತಿರವೇ ಇದೆ.