ನಿಮ್ಮದು ಯಾವ ಬೆಲ್ಟ್?

ನನ್ನದು ಬ್ರೌನ್ ಬೆಲ್ಟ್. ನಾನು ಕಲಿಯುತ್ತಿರುವುದು ಜೂಡೊ, ಕರಾಟೆಯಲ್ಲ. ಬ್ಲ್ಯಾಕ್ ಬೆಲ್ಟಿಗೆ ಇನ್ನೊಂದೇ ಮೆಟ್ಟಿಲು ಬಾಕಿಯಿದೆ, ಆ ಮೆಟ್ಟಿಲಿನ ಬುಡದಲ್ಲಿ ನಾನು ನಿಂತು ಆರು ವರ್ಷಗಳಾಗಿವೆ. ಕೇಳಿದವರಿಗೆಲ್ಲ ಬಾಯಲ್ಲಿ ಹೇಳಿ ಹೇಳಿ ಸಾಕಾಗಿರುವುದರಿಂದ ಇಲ್ಲಿ ಬರೆದಿಟ್ಟಿದ್ದೇನೆ; ಇಷ್ಟು ತಿಳಿದರೆ ಸಾಕು ಎನ್ನುವವರು ಇಲ್ಲಿಗೇ ಓದು ನಿಲ್ಲಿಸಬಹುದು.

ಉಳಿದವರ ಬಳಿ ನನಗೆ ತಕರಾರಿರುವುದು ಪ್ರಶ್ನೆಯ ಬಗ್ಗೆ ಅಷ್ಟಲ್ಲ, ಅದನ್ನು ಕೇಳುವ ಧಾಟಿಯ ಬಗ್ಗೆ. ‘ಯಾವ ಬೆಲ್ಟ್?’ ಎಂಬುದನ್ನು ಸಹಿಸಿಕೊಳ್ಳಬಹುದು. ‘ಬ್ಲ್ಯಾಕ್ ಬೆಲ್ಟಾ?’ ಎಂದಾಗ ಅದರಲ್ಲಿ ನಿರೀಕ್ಷೆಯೇ ತುಂಬಿರುತ್ತದೆ. ಅಲ್ಲ ಎಂದ ಕೂಡಲೇ ಕೇಳಿದವರ ಮುಖ ಸಣ್ಣದಾಗುತ್ತದೆ, ಅವರನ್ನು ಸಮಾಧಾನಪಡಿಸುವ ಹೊಣೆಯೂ ನನ್ನ ಮೇಲೆಯೇ ಬೀಳುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ‘ಇನ್ನೂ ಬ್ರೌನಾ?’ ಎಂಬುದು. ಈ ಎರಡಕ್ಷರದ ‘ಇನ್ನೂ’ ಎಷ್ಟು ಭಾರವಾದದ್ದೆಂಬುದು ಮದುವೆಯಾಗದವರಿಗೂ ಕೆಲಸ ಸಿಗದವರಿಗೂ ಚೆನ್ನಾಗಿ ಗೊತ್ತಿರುತ್ತದೆ. ಇದರ ಬೆನ್ನಿಗೇ ಎದೆಯುಬ್ಬಿಸಿ ‘ಎಲ್ಲಿ, ನನ್ನನ್ನೊಮ್ಮೆ ಎತ್ತಿ ಹಾಕಿ ನೋಡೋಣ’ ಎನ್ನುವವರೂ ಇದ್ದಾರೆ. ಅವರಿಗೆ ಬೀಳಲು ಬರುವುದಿಲ್ಲವೆಂಬ ಒಂದೇ ಕಾರಣಕ್ಕೆ ಅವರಿನ್ನೂ ನಿಂತಿದ್ದಾರೆ.

ಇಷ್ಟಕ್ಕೂ, ಕಲೆ ಯಾವುದೆಂದು ಕೇಳದೆ ಬೆಲ್ಟ್ ಯಾವುದೆಂದು ಕೇಳುವುದು ಊರು ಕೇಳದೆ ಮನೆಯ ನಂಬರ್ ಕೇಳಿದಂತೆ. ಕೆಂಪು ಬಣ್ಣವನ್ನೇ ನೋಡಿ. ಟೇಕ್ವಾಂಡೊದಲ್ಲಿ ಕೆಂಪು ಬೆಲ್ಟ್ ಕಟ್ಟಿದವರು ಸಾಮಾನ್ಯವಾಗಿ ಬ್ಲ್ಯಾಕ್ ಬೆಲ್ಟಿನ ಹೊಸ್ತಿಲಲ್ಲಿರುವ ವಿದ್ಯಾರ್ಥಿಗಳು. ಜೂಡೊದಲ್ಲಿ ಅದೇ ಕೆಂಪು ಬೆಲ್ಟ್ ಒಂಬತ್ತನೆಯ ಮತ್ತು ಹತ್ತನೆಯ ಡಾನ್ ತಲುಪಿದ, ಜೀವಮಾನವನ್ನೇ ಅದಕ್ಕೆ ಕೊಟ್ಟ, ಬೆರಳೆಣಿಕೆಯ ಹಿರಿಯರಿಗೆ ಸಲ್ಲುವಂಥದ್ದು. (‘ಡಾನ್’ ಎಂದರೆ ಬ್ಲ್ಯಾಕ್ ಬೆಲ್ಟಿನಿಂದ ಶುರುವಾಗುವ ದರ್ಜೆಗಳ ಹೆಸರು; ಭೂಗತ ಲೋಕಕ್ಕೂ ಇದಕ್ಕೂ ಸಂಬಂಧವಿಲ್ಲ. ಈ ವಿವರಣೆಯನ್ನೂ ಎಷ್ಟು ಸಲ ಕೊಟ್ಟಿದ್ದೇನೋ ಲೆಕ್ಕವಿಲ್ಲ.) ಬ್ರೆಜಿಲಿಯನ್ ಜುಜುತ್ಸುವಿನಲ್ಲಿ ವಯಸ್ಕರಿಗೆ ಕಪ್ಪಿನವರೆಗೆ ಬಿಳಿ, ನೀಲಿ, ನೇರಳೆ, ಕಂದು, ಕಪ್ಪು ಎಂಬ ಐದೇ ಬಣ್ಣಗಳಿದ್ದರೂ ಕಪ್ಪನ್ನು ಮುಟ್ಟುವಷ್ಟರಲ್ಲಿ ಹತ್ತು ವರ್ಷ ಕಳೆದಿರುವುದು ಸಾಮಾನ್ಯ, ಅಲ್ಲಿಯ ನೀಲಿ ಬೆಲ್ಟಿನವರೊಬ್ಬರು ಬೇರೆಡೆ ಮೂರೇ ವರ್ಷದಲ್ಲಿ ಕಪ್ಪಾದವರನ್ನು ನೆಲಕ್ಕೆ ಒತ್ತಿ ಹಿಡಿದರೆ ಅದರಲ್ಲಿ ಆಶ್ಚರ್ಯವೇನಿಲ್ಲ. ಬಾಕ್ಸಿಂಗ್‌ನಲ್ಲಂತೂ ಇಂಥ ದರ್ಜೆಗಳೇ ಇಲ್ಲ. ಅಲ್ಲಿ ಬೆಲ್ಟ್ ಎಂದರೆ ಚಾಂಪಿಯನ್ ಆದವರಿಗೆ ಸಿಗುವ ಪದಕದಂಥದ್ದು, ‘ಯಾವ ಬೆಲ್ಟ್?’ ಎಂದು ಕೇಳಿಸಿಕೊಂಡ ಸಾಧಾರಣ ಬಾಕ್ಸರ್‌ನ ಸಂಕಟವನ್ನು ನೆನೆದರೆ ನನ್ನದು ಏನೇನೂ ಅಲ್ಲ.

ಜನರ ಮನಸ್ಸಿನಲ್ಲಿ ಬ್ಲ್ಯಾಕ್ ಬೆಲ್ಟ್ ಎಂಬುದು ಪ್ರಯಾಣದ ಕೊನೆಯ ನಿಲ್ದಾಣ. ಅದನ್ನು ಹುಟ್ಟುಹಾಕಿದವರು ಹಾಗೆ ಎಣಿಸಿರಲಿಲ್ಲ. 1882ರಲ್ಲಿ ಕೊಡೊಕಾನ್ ಎಂಬ ಜೂಡೊ ಶಾಲೆಯನ್ನು ಆರಂಭಿಸಿದ ಜಪಾನಿನ ಶಿಕ್ಷಣತಜ್ಞ ಕಾನೊ ಜಿಗೊರೊ, ಗೋ ಎಂಬ ಮಣೆಯಾಟದಲ್ಲಿ ಆಗಲೇ ಬಳಕೆಯಲ್ಲಿದ್ದ ಡಾನ್ ಎಂಬ ದರ್ಜೆಯನ್ನು ತಮ್ಮ ಶಾಲೆಗೆ ತಂದು, ಮರುವರ್ಷವೇ ಇಬ್ಬರು ಶಿಷ್ಯರಿಗೆ ಮೊದಲ ಡಾನ್ ಕೊಟ್ಟರು. ಆಗ ಅವರ ಸೊಂಟದಲ್ಲಿ ಕಪ್ಪು ಪಟ್ಟಿಯೇ ಇರಲಿಲ್ಲ; ಅದು ಬಂದದ್ದು ಅದಾದ ಕೆಲವು ವರ್ಷಗಳ ಮೇಲೆ. ಹಳದಿ, ಕಿತ್ತಳೆ, ಹಸಿರುಗಳ ಸಾಲು ರೂಪುಗೊಂಡದ್ದು ಇನ್ನೂ ತಡವಾಗಿ, ಅದೂ ಯುರೋಪಿನ ಕ್ಲಬ್ಬುಗಳಲ್ಲಿ. ಮೊದಲ ಡಾನ್‌ಗೆ ಜಪಾನೀ ಭಾಷೆಯಲ್ಲಿ ‘ಶೋದಾನ್’ ಎನ್ನುತ್ತಾರೆ, ಎಂದರೆ ಆರಂಭದ ಮೆಟ್ಟಿಲು. ಅದಕ್ಕಿಂತ ಕೆಳಗಿನ ಕ್ಯೂ ದರ್ಜೆಗಳನ್ನು ಇಳಿಕೆಯ ಕ್ರಮದಲ್ಲಿ ಎಣಿಸುತ್ತ ಬಂದು, ಒಂದನ್ನು ತಲುಪಿ, ಅಲ್ಲಿಂದಾಚೆಗೆ ಡಾನ್‌ಗಳನ್ನು ಏರಿಕೆಯ ಕ್ರಮದಲ್ಲಿ ಎಣಿಸುತ್ತಾರೆ. ಹಾಗಾಗಿ ಒಂದನೆಯ ಕ್ಯೂನಲ್ಲಿರುವ ನಾನು ಲೆಕ್ಕದ ಪ್ರಕಾರ ಇನ್ನೂ ಆರಂಭವನ್ನೇ ಮಾಡಿಲ್ಲ. ಈ ‘ಇನ್ನೂ’ ನಾನೇ ಹೇಳಿಕೊಂಡದ್ದಾದ್ದರಿಂದ ನೋವಿಲ್ಲ.

ಬೆಲ್ಟ್ ಕೇಳುವುದು ಸದಾ ಅಸಭ್ಯವೆಂದು ನಾನು ಹೇಳುತ್ತಿಲ್ಲ. ನಿಮ್ಮ ಮಗುವನ್ನು ಒಬ್ಬರ ಬಳಿ ಕಲಿಯಲು ಬಿಡುವುದಿದ್ದರೆ ಅವರ ದರ್ಜೆಯೇನು, ಅದನ್ನು ಕೊಟ್ಟವರು ಯಾರು, ಅವರು ಕಲಿತದ್ದು ಯಾರಿಂದ ಎಂದು ನಿಸ್ಸಂಕೋಚವಾಗಿ ಕೇಳಿ. ಉತ್ತರಿಸಲು ತಡವರಿಸುವವರನ್ನು ದೂರವಿಡಿ. ಮ್ಯಾಟಿನ ಮೇಲೆ ಹೊಸಬರೊಬ್ಬರು ಜೊತೆಗಾರರಾದಾಗ ನಾವೂ ವಿಚಾರಿಸುತ್ತೇವೆ, ಆದರೆ ನಾವು ಕೇಳುವುದು ‘ಬೀಳಲು ಬರುತ್ತದೆಯೇ?’ ಎಂದು. ಎದುರಿಗಿರುವವರನ್ನು ಎಷ್ಟು ಜೋರಾಗಿ ಎಸೆಯಬಹುದು ಎಂಬುದು ಅದರಿಂದ ತಿಳಿಯುತ್ತದೆ. ಬೆಲ್ಟು ಹೇಗೂ ಕಣ್ಣಿಗೆ ಕಾಣುತ್ತಿರುತ್ತದೆ.

ಆ ಪ್ರಶ್ನೆಯನ್ನು ಹೊರಗಿನವರಾರೂ ನನಗೆ ಕೇಳಿದ್ದಿಲ್ಲ. ಕೇಳಬಹುದಾಗಿದ್ದ ಒಬ್ಬರು ಬೇರೆಯದನ್ನೇ ಕೇಳಿದರು. ನಾಲ್ಕು ವರ್ಷಗಳ ಹಿಂದೆ ಕ್ಲಾಸಿನಲ್ಲಿ ಬಿದ್ದು ಬಲಗಡೆಯ ಕಾಲರ್ ಬೋನ್ ಮುರಿದುಕೊಂಡು ಆಸ್ಪತ್ರೆಗೆ ಹೋಗಿದ್ದೆ. ವೈದ್ಯರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಮುರಿದ ಜಾಗದ ಮೇಲೆ ಪೆನ್ನಿನ ತುದಿಯಿಟ್ಟು, ಹೇಗಾಯಿತೆಂದು ವಿಚಾರಿಸಿದರು. ಜೂಡೊ ಎಂದೆ. ಪೆನ್ನು ಅಲ್ಲಿಯೇ ನಿಂತಿತು.

‘ಓಹೋ! ಯಾವ ಬೆಲ್ಟು?’

‘ಬ್ರೌನ್.’

‘ಅದಕ್ಕೇ ಬಿದ್ದಿದ್ದೀರಿ. ಬ್ಲ್ಯಾಕ್ ಆಗಿದ್ದರೆ ಬೀಳುತ್ತಿರಲಿಲ್ಲ, ಅಲ್ವಾ?’

ಅವರು ತಮಾಷೆಗೆ ಹೇಳಿದ್ದರು. ತೋಳನ್ನು ಜೋಲಿಯಲ್ಲಿ ಹಾಕಿಕೊಂಡಿದ್ದ ನಾನು ನಕ್ಕೆ ಕೂಡ. ಆದರೆ ಮನೆಗೆ ಬಂದ ಮೇಲೆ ಮೂರು ದಿನ ಅವರಿಗೆ ಮನಸ್ಸಿನಲ್ಲೇ ಪಾಠ ಮಾಡಿದೆ. ಜೂಡೊದಲ್ಲಿ ಮೊದಲ ದಿನ ಹೇಳಿಕೊಡುವುದೇ ಬೀಳುವುದನ್ನು, ಡಾಕ್ಟರೇ. ಹಿಂದಕ್ಕೆ ಬೀಳುವಾಗ ಬೆನ್ನನ್ನು ದುಂಡಗೆ ಮಾಡಬೇಕು, ಗದ್ದವನ್ನು ಎದೆಗೆ ಒತ್ತಿಕೊಳ್ಳಬೇಕು, ಬೆನ್ನು ನೆಲ ಮುಟ್ಟುವ ಕ್ಷಣಕ್ಕೆ ಸರಿಯಾಗಿ ಚಾಚಿದ ತೋಳುಗಳಿಂದ ಮ್ಯಾಟನ್ನು ಚಟಾರನೆ ಬಡಿಯಬೇಕು. ಗದ್ದ ಮೇಲೆದ್ದರೆ ತಲೆಯ ಹಿಂಭಾಗ ನೆಲಕ್ಕೆ ಬಡಿಯುತ್ತದೆ; ಹಾಗಾಗದಂತೆ ‘ನಿನ್ನ ಬೆಲ್ಟಿನ ಗಂಟು ನೋಡು’ ಎಂದು ಹೇಳಿಕೊಡುತ್ತಾರೆ. ಗಂಟು ನೋಡಲು ಹೋದರೆ ಕತ್ತು ತಾನಾಗಿ ಬಾಗುತ್ತದೆ. ಸೊಂಟಕ್ಕೆ ಎರಡು ಸುತ್ತು ಬಂದು, ಹೊಕ್ಕುಳ ಕೆಳಗೆ ಬಿಗಿದುಕೊಂಡು, ತುದಿಗಳೆರಡೂ ಸಮನಾಗಿ ಇಳಿಬಿದ್ದಿರುವ ಆ ಗಂಟಿನ ಅತಿ ದೊಡ್ಡ ಉಪಯೋಗ ಇದೇ. ಈ ಕೆಲಸಕ್ಕೆ ಅದರ ಬಣ್ಣ ಯಾವುದಾದರೂ ನಡೆಯುತ್ತದೆ. ಮತ್ತೆ, ಬೀಳುವಾಗ ಮಾಡಲೇಬಾರದ ಒಂದು ಕೆಲಸವೆಂದರೆ ಕೈಯೂರಿ ತಡೆಯಲು ಹೋಗುವುದು. ಹಾಗೆ ಮಾಡಿದರೆ ಮೈಭಾರವೆಲ್ಲ ಆ ಒಂದು ತೋಳಿನ ಮೂಲಕ ಭುಜಕ್ಕೆ ಏರಿ, ಮಣಿಕಟ್ಟೋ ಮೊಣಕೈಯೋ ಕಾಲರ್ ಬೋನೋ ಸೋಲುತ್ತದೆ.

ಇಷ್ಟೆಲ್ಲ ಗೊತ್ತಿದ್ದ ನಿಮ್ಮ ಮೂಳೆ ಹೇಗೆ ಮುರಿಯಿತು ಎಂದು ವೈದ್ಯರು ಮರುಪ್ರಶ್ನೆ ಹಾಕಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ. ಅವರು ಕೇಳಲಿಲ್ಲ; ಆದ್ದರಿಂದ ಇದನ್ನೂ ಇಲ್ಲಿಯೇ ಬರೆಯುತ್ತೇನೆ. ಆ ಸಂಜೆ ನನ್ನ ಕಾಲನ್ನು ಸರಿಸಿದವನು ಸೇರಿ ಮೂರು ತಿಂಗಳೂ ತುಂಬದ, ಬಿಳಿ ಬೆಲ್ಟಿನ, ಹದಿನೆಂಟರ ಹುಡುಗ. ನಾನು ಮುಂದಿಟ್ಟ ಹೆಜ್ಜೆಗೆ ಭಾರ ಬೀಳುವ ಅರೆಕ್ಷಣ ಮೊದಲು ಅವನ ಅಂಗಾಲು ಬಂದು ನನ್ನ ಪಾದವನ್ನು ಗುಡಿಸಿಕೊಂಡು ಹೋಯಿತು. ಅದು ಕೈತಪ್ಪಿ ಕೂಡಿಬಂದದ್ದೆಂದು ಬಹಳ ದಿನ ವಾದಿಸಿದೆ. ಈಗ ಹೇಳುತ್ತೇನೆ, ಬಹಳ ಸೊಗಸಾಗಿತ್ತು. ಬಿದ್ದಿದ್ದರೆ ಮೈಗೆ ಏನೂ ಆಗುತ್ತಿರಲಿಲ್ಲ, ಎದ್ದು ಬಾಗಿ ನಮಸ್ಕರಿಸಿ ಮುಂದುವರಿಯಬಹುದಿತ್ತು. ಆದರೆ ಬಿಳಿ ಬೆಲ್ಟಿನವನ ಕೈಯಲ್ಲಿ ಬ್ರೌನ್ ಬೆಲ್ಟಿನವರು ಬೀಳುವುದೇ ಎಂದುಕೊಂಡು ನೆಲಕ್ಕೆ ಕೈಯೂರಿದೆ. ಆಗ ನನ್ನ ಕಣ್ಣು ನನ್ನ ಗಂಟಿನ ಮೇಲಿರಲಿಲ್ಲ.

ಹುಡುಗ ಗಾಬರಿಯಿಂದ ‘ಸಾರಿ, ಸಾರಿ’ ಎನ್ನುತ್ತ ನನ್ನ ಪಕ್ಕದಲ್ಲಿ ಮಂಡಿಯೂರಿದ್ದ. ಅವನೀಗ ಬ್ಲ್ಯಾಕ್ ಬೆಲ್ಟ್. ಮೂಳೆ ಕೂಡುವಷ್ಟರಲ್ಲಿ ನನ್ನ ಆ ವರ್ಷದ ಪರೀಕ್ಷೆ ತಪ್ಪಿತು, ಆಮೇಲಿನ ವರ್ಷಗಳಲ್ಲಿ ತಪ್ಪಿಸಿಕೊಂಡವರು ನಾನೇ. ಈ ಸಲದ ಪರೀಕ್ಷೆಗೆ ಹೆಸರು ಕೊಡಲು ಇನ್ನೂ ಹನ್ನೊಂದು ದಿನಗಳಿವೆ. ಕೊಟ್ಟಿರಾ ಎಂದು ಯಾರೂ ಕೇಳಬೇಡಿ.