ಸೋಪಿಲ್ಲದ ಸ್ನಾನ, ಜಿಡ್ಡಳೆಯುವ ಪೆಟ್ಟಿಗೆ: ಅಂಗೈ ಕೊನೆಗೂ ಸೊನ್ನೆಗೆ ಬಂತು

ಬಂತು! ಸೋಪು ಬಿಟ್ಟರೆ ಚರ್ಮದ ಜಿಡ್ಡು ನಿಜಕ್ಕೂ ಕಡಿಮೆಯಾಗುತ್ತದೆಯೇ ಎಂದು ನೋಡಲು ಮನೆಯಲ್ಲೇ ಕಟ್ಟಿದ ಪೆಟ್ಟಿಗೆ ಇದು: ಚರ್ಮಕ್ಕೆ ಒತ್ತಿ ತೆಗೆದ ಟೇಪ್ ಪಟ್ಟಿಯನ್ನು ಎಷ್ಟು ಬೆಳಕು ದಾಟುತ್ತದೆ ಎಂದು ಅಳೆಯುತ್ತದೆ. ಅಂಗೈಗೆ ಒತ್ತಿದ ಪಟ್ಟಿಯ ರೀಡಿಂಗ್ ಕೊನೆಗೂ ಖಾಲಿ ಪಟ್ಟಿಯ ರೀಡಿಂಗಿಗೆ ಸಮ ಆಯಿತು. ಇದರಲ್ಲಿ ಹಿಗ್ಗೋದೇನು ಅಂದರೆ, ಅಂಗೈ ಮತ್ತು ಅಂಗಾಲಿನಲ್ಲಿ ಎಣ್ಣೆಗ್ರಂಥಿಗಳೇ ಇಲ್ಲ. ತೊಳೆದು ಸ್ಪಿರಿಟ್‌ನಲ್ಲಿ ಒರೆಸಿದ ಅಂಗೈಯಲ್ಲೂ ಜಿಡ್ಡಿದೆ ಅಂತ ಪೆಟ್ಟಿಗೆ ಸಾಧಿಸುತ್ತಿದ್ದರೆ, ಅದು ಹಣೆಯ ಬಗ್ಗೆ ಹೇಳುವುದನ್ನು ನಂಬುವುದು ಹೇಗೆ?

ಪೆಟ್ಟಿಗೆಯ ಒಳಗುಟ್ಟು ದೋಸೆ ಕಟ್ಟಿದ ಪೇಪರಿನದ್ದೇ. ಎಣ್ಣೆ ಹೀರಿದ ಜಾಗದಲ್ಲಿ ಬೆಳಕು ದಾಟುತ್ತದೆ. ಪೇಪರಿನ ಬದಲು ಮ್ಯಾಟ್ ಟೇಪ್ (ಒಂದು ಮೈ ಮಂಜುಗಾಜಿನಂತಿರುವ ಅಂಟು ಟೇಪ್) ಹಾಕಿದೆ: ಓಎಚ್‌ಪಿ ಶೀಟನ್ನು (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) 75×25 ಮಿ.ಮೀ. ಪಟ್ಟಿಯಾಗಿ ಕತ್ತರಿಸಿ, ಟೇಪಿನ ಗೋಂದಿನ ಮೈಯನ್ನು ಅದಕ್ಕೆ ಅಂಟಿಸುವುದು, ಮಂಜು ಮೈ ಹೊರಮುಖವಾಗಿರಲಿ. ನಡುವೆ ಗಾಳಿಗುಳ್ಳೆ ಉಳಿದರೆ ಆ ಪಟ್ಟಿ ಕಸದಬುಟ್ಟಿಗೆ. ಮಂಜು ಮೈಯ ಸಣ್ಣ ಗುಳಿಗಳಲ್ಲಿ ಜಿಡ್ಡು ತುಂಬಿಕೊಂಡಾಗ, ಟೇಪೂ ಜಿಡ್ಡೂ ಬೆಳಕನ್ನು ಹೆಚ್ಚುಕಡಿಮೆ ಒಂದೇ ಥರ ಬಗ್ಗಿಸುವುದರಿಂದ, ಬೆಳಕು ಚದುರದೆ ನೇರ ಹೋಗುತ್ತದೆ.

ಕೆಳಗೆ ಬಿಳಿ ಎಲ್‌ಇಡಿ, 5 ವೋಲ್ಟಿಗೆ 220 ಓಮ್. ಮೇಲೆ ಬಿಎಚ್‌ 1750 ಲಕ್ಸ್ ಮಾಡ್ಯೂಲ್, ಅಂದರೆ ಬೆಳಕಿನ ಪ್ರಮಾಣ ಅಳೆಯುವ ಸೆನ್ಸರ್. ಸೆನ್ಸರನ್ನು ಪಟ್ಟಿಗೆ ತಾಗಿಸಿ ಕೂರಿಸಬೇಡಿ, ಆಗ ಚದುರಿದ ಬೆಳಕೂ ಒಳಗೆ ಬಂದು ಜಿಡ್ಡಿಗೂ ಖಾಲಿಗೂ ವ್ಯತ್ಯಾಸವೇ ಕಾಣುವುದಿಲ್ಲ. 20 ಮಿ.ಮೀ. ವೈರಿಂಗ್ ಪೈಪಿನ 50 ಮಿ.ಮೀ. ತುಂಡು, ಒಳಗೆ ಕಪ್ಪು ಸ್ಯಾಂಡ್‌ಪೇಪರ್, ಅದರ ತುದಿಗೆ ಸೆನ್ಸರ್. ಎಸ್‌.ಪಿ. ರಸ್ತೆಯ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ) ಒಂದು ಅಂಗಡಿಯಲ್ಲಿ ಚಪ್ಪಟೆ ಮಾಡ್ಯೂಲ್ ಕೇಳಿದರೆ ಬಿಳಿ ಗುಮ್ಮಟ ಹೊತ್ತ ಮಾಡ್ಯೂಲ್ ಕೊಟ್ಟು, 'ಎರಡೂ ಒಂದೇ ಸಾರ್' ಎಂದರು. ಒಂದೇ ಅಲ್ಲ. ಆ ಗುಮ್ಮಟ ಎಲ್ಲ ದಿಕ್ಕಿನ ಬೆಳಕನ್ನೂ ಕರೆದು ಕೂರಿಸುತ್ತದೆ. ಸೋಲ್ಡರ್ ಹಾಕುವ ಮೊದಲು ಅದನ್ನು ಕಿತ್ತುಬಿಡಿ.

ಪಟ್ಟಿ ಒತ್ತುವುದು ಮಲಗಿಕೊಂಡು. ಹಣೆಯ ಮೇಲೆ ಪಟ್ಟಿ, ಅದರ ಮೇಲೆ ಪಾತ್ರೆ ತೊಳೆಯುವ ಸ್ಪಾಂಜಿನ ತುಂಡು, ಅದರ ಮೇಲೆ ದಿನಸಿ ಅಂಗಡಿಯ 200 ಗ್ರಾಂ ತೂಕದ ಬಟ್ಟು, 30 ಸೆಕೆಂಡು. ನೋಡಿದವರು ನಗಲಿ. ಬೆರಳಿನಿಂದ ಒತ್ತಿದರೆ ಪ್ರತಿ ಸಲ ಒತ್ತಡ ಬೇರೆ, ರೀಡಿಂಗೂ ಬೇರೆ.

ಇನ್ನು ಅಂಗೈಯ ಜಗಳ. ಎಣ್ಣೆ ಇಲ್ಲದಿದ್ದರೂ ಅಂಗೈಯಲ್ಲಿ ಬೆವರು ಧಾರಾಳ. ನೀರು ಎಣ್ಣೆಯಷ್ಟಲ್ಲದಿದ್ದರೂ ಟೇಪಿನ ಗುಳಿಯನ್ನು ತುಂಬಿ ಪಟ್ಟಿಯನ್ನು ಅರೆಬರೆ ತಿಳಿ ಮಾಡುತ್ತದೆ. ಫ್ಯಾನಿನಡಿ ಒಣಗಿಸಿದರೆ ಧೂಳು ಕೂರುತ್ತದೆ. ಮನೆ ಪಕ್ಕ ಮೆಟ್ರೊ ಕೆಲಸ ನಡೆಯುತ್ತಿದ್ದರಂತೂ ಕೇಳುವುದೇ ಬೇಡ. ಹೇರ್ ಡ್ರೈಯರ್ ಇನ್ನೂ ಕೆಟ್ಟದ್ದು: ಪಟ್ಟಿ ಹಪ್ಪಳದಂತೆ ಸುರುಳಿಯಾಗುತ್ತದೆ, ಬಿಸಿಗೆ ಜಿಡ್ಡು ಕರಗಿ ಹರಡಿ ರೀಡಿಂಗ್ ಏರುತ್ತದೆ. ಕೈಗೂಡಿದ್ದು ಸಿಲಿಕಾ ಜೆಲ್. ಮುಚ್ಚಳ ಬಿಗಿಯಾಗುವ ಸ್ಟೀಲ್ ಡಬ್ಬಿ, ತಳದಲ್ಲಿ 100 ಗ್ರಾಂ ಜೆಲ್, ಮೇಲೆ ಜಾಲರಿ, ಅದರ ಮೇಲೆ ಪಟ್ಟಿ, 10 ನಿಮಿಷ. ನೀರು ಹೋಗುತ್ತದೆ, ಜಿಡ್ಡು ಅಲ್ಲೇ ಇರುತ್ತದೆ. ತಂದ ನೀಲಿ ಜೆಲ್‌ನ ಪೊಟ್ಟಣ ಒಡೆದರೆ ಅರ್ಧಕ್ಕರ್ಧ ಗುಲಾಬಿ, ಅಂದರೆ ಅಂಗಡಿಯಲ್ಲೇ ನೀರು ಕುಡಿದು ಕೂತಿತ್ತು. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ಅದನ್ನು ಅಡುಗೆಯ ಬಾಣಲೆಯಲ್ಲಿ ಹುರಿಯುವಂತಿಲ್ಲ. ಕಿತ್ತಳೆ ಬಣ್ಣದ್ದನ್ನು ಕೇಳಿ ತೆಗೆದುಕೊಳ್ಳಿ.

ಬೆವರು ಮುಗಿಯಿತು ಅನ್ನುವಷ್ಟರಲ್ಲಿ ಹಣೆಯ ರೀಡಿಂಗ್ ಖಾಲಿ ಪಟ್ಟಿಗಿಂತ ಕೆಳಗೆ ಹೋಯಿತು. ಜಿಡ್ಡು ಮೈನಸ್ ಆಗುವುದುಂಟೆ? ತಪ್ಪು ಬೋರ್ ನೀರಿನದು. ಹಣೆಯಲ್ಲಿ ಉಳಿದ ಹನಿ ಪಟ್ಟಿಗೆ ತಾಗಿ, ಡಬ್ಬಿಯಲ್ಲಿ ಒಣಗಿ, ಬಕೆಟ್ಟಿನ ಅಂಚಿನಲ್ಲಿ ಕಟ್ಟುತ್ತದಲ್ಲ, ಅದೇ ಬಿಳಿ ಕರೆ ಬಿಟ್ಟಿತ್ತು. ಅದು ಬೆಳಕನ್ನು ಇನ್ನಷ್ಟು ಚದುರಿಸುತ್ತದೆ. ಕೊನೆಯ ಒಂದು ಚೊಂಬು ಆರ್‌ಒ ನೀರು, ಆಮೇಲೆ ಹಳೇ ಪಂಚೆಯ ತುಂಡಿನಿಂದ ಒತ್ತಿ ಒರೆಸುವುದು. ಬಟ್ಟೆಗೆ ಸಾಫ್ಟ್‌ನರ್ ಹಾಕಿ ಒಗೆದಿರಬಾರದು, ಅದರ ಜಿಡ್ಡಂಶ ಹಣೆಗೆ ಬರುತ್ತದೆ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆಯೂ ಅಷ್ಟೇ, ರಾತ್ರಿ ದಿಂಬಿನಿಂದ ಹಣೆಗೆ ಇಳಿಯುತ್ತದೆ. ಅಭ್ಯಂಜನದ ವಾರ ಅಳತೆಗೆ ಪೂರ್ತಿ ರಜ.

ಇಷ್ಟೆಲ್ಲ ಗೋಳು ಯಾಕೆ ಅಂದರೆ, 'ಸೋಪು ಬಿಟ್ಟರೆ ಚರ್ಮ ತಾನೇ ಎಣ್ಣೆ ಕಡಿಮೆ ಮಾಡಿಕೊಳ್ಳುತ್ತದೆ' ಎಂಬ ಮಾತಿದೆಯಲ್ಲ, ಅದಕ್ಕೆ. ಗ್ರಂಥಿಯ ಜೀವಕೋಶ ಎಣ್ಣೆ ತುಂಬಿಕೊಂಡು, ಒಡೆದು, ತಾನೇ ಜಿಡ್ಡಾಗಿ ಹೊರಬರುತ್ತದೆ. ಅದರ ಲಗಾಮು ಆಂಡ್ರೊಜನ್ ಹಾರ್ಮೋನುಗಳ ಕೈಯಲ್ಲಿದೆ. ಮೇಲೆ ಸೋಪು ತಿಕ್ಕಿದರೋ ಬಿಟ್ಟರೋ ಅದಕ್ಕೆ ಸುದ್ದಿ ಮುಟ್ಟುವ ದಾರಿ ಕಾಣುವುದಿಲ್ಲ. ಸೋಪು ಕೆಡಿಸುವುದು ಮೇಲ್ಪದರವನ್ನು. ಸೋಪಿನ ಪಿಎಚ್ 9–10, ಚರ್ಮದ್ದು 5ರ ಆಸುಪಾಸು. ಸೋಪು ಬಿಟ್ಟವರಿಗೆ ಮೊದಲು ಗೊತ್ತಾಗುವುದು ಬಿಗಿತ ಮತ್ತು ನವೆ ಇಳಿದದ್ದು. ಅದನ್ನೇ 'ಎಣ್ಣೆ ಹತೋಟಿಗೆ ಬಂತು' ಅಂದುಕೊಳ್ಳುವುದು ಸುಲಭ. ಇನ್ನೊಂದು ಮೋಸ ಹವಾಮಾನದ್ದು. ಚರ್ಮದ ಉಷ್ಣತೆ ಒಂದು ಡಿಗ್ರಿ ಇಳಿದರೆ ಜಿಡ್ಡು ಹೊರಬರುವ ವೇಗ ಸುಮಾರು ಶೇ. 10 ಇಳಿಯುತ್ತದೆ. ಏಪ್ರಿಲ್ ಸೆಕೆಯಲ್ಲಿ ಸೋಪು ಬಿಟ್ಟು, ಜುಲೈ ಜಡಿಮಳೆಯಲ್ಲಿ ಹಣೆ ಮುಟ್ಟಿ ನೋಡಿದರೆ ಬೆಂಗಳೂರಿನಲ್ಲಿ ಯಾರಿಗಾದರೂ ಕಡಿಮೆಯೇ ಅನ್ನಿಸೀತು.

ಅದಕ್ಕೇ ಒಂದೇ ಹಣೆಯಲ್ಲಿ ಎರಡು ಪಾಳಿ. ಕುಂಕುಮ ಇಡುವ ಜಾಗ ಗಡಿ: ಎಡಕ್ಕೆ ಸೋಪು, ಬಲಕ್ಕೆ ಬರೀ ಬೆಚ್ಚಗಿನ ನೀರು. ನೊರೆ ಗಡಿ ದಾಟದಂತೆ ಸೋಪನ್ನು ಬಟ್ಟೆಗೆ ಹಚ್ಚಿ ಒರೆಸುವುದು. ಎರಡೂ ಬದಿಯನ್ನು ಶೇ. 70 ಐಸೊಪ್ರೊಪೈಲ್ ಸ್ಪಿರಿಟ್‌ನಿಂದ ಎರಡು ಸಲ ಒರೆಸಿ, 10 ನಿಮಿಷ ಬಿಟ್ಟು ಗಡಿಯಾರ ಶುರು, ಒಂದು ಗಂಟೆ ಕಳೆದ ಮೇಲೆ ಪಟ್ಟಿ. ಹೀಗೆ ಮಾಡಿದರೆ ಕೂತ ಜಿಡ್ಡಲ್ಲ, ಮತ್ತೆ ತುಂಬುವ ವೇಗ ಸಿಗುತ್ತದೆ. ಗ್ರಂಥಿ ಕಲಿಯುತ್ತದೆ ಎಂಬುದು ನಿಜವಾದರೆ ಬಲಬದಿ ವಾರದಿಂದ ವಾರಕ್ಕೆ ನಿಧಾನವಾಗಬೇಕು. ಸೀಗೆಕಾಯಿ, ಅಂಟುವಾಳ ಬಳಸಿ 'ಸೋಪಿಲ್ಲ' ಅನ್ನುವವರು ಈ ಪಾಳಿಗೆ ಬೇಡ: ಅವುಗಳಲ್ಲಿರುವ ಸ್ಯಾಪೊನಿನ್ ಕೂಡ ನೊರೆ ಎಬ್ಬಿಸಿ ಜಿಡ್ಡು ಎತ್ತುತ್ತದೆ. ಕಡಲೆಹಿಟ್ಟಿಗೆ ಬೇರೆ ಸುತ್ತು.

ಬೋರ್ ನೀರು ಇಷ್ಟು ಆಟ ಆಡಿಸಿದ್ದರಿಂದ ಮುಂದಿನ ಯೋಜನೆ ಅದೇ: ಸೋಪಿನಿಂದ ನೀರಿನ ಗಡಸು ಅಳೆಯುವುದು. ಸ್ಪಿರಿಟ್ ಬೆರೆಸಿದ ನೀರಿನಲ್ಲಿ ಕರಗಿಸಿದ ಸೋಪನ್ನು 50 ಮಿ.ಲೀ. ನೀರಿಗೆ ಹನಿಹನಿಯಾಗಿ ಹಾಕಿ, ಕುಲುಕಿ, ನೊರೆ ನಿಲ್ಲುವವರೆಗೆ ಹನಿ ಎಣಿಸುವ ಹಳೇ ವಿಧಾನ. ಕುಡಿಯುವ ನೀರಿಗೆ ಗಡಸಿನ ಮಾನಕ ಲೀಟರಿಗೆ 200 ಮಿ.ಗ್ರಾಂ, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ. ಕಾವೇರಿ ನಲ್ಲಿ, ಬೋರು, ಟ್ಯಾಂಕರ್, ಮೂರನ್ನೂ ಸಾಲಾಗಿ ಇಟ್ಟು ನೋಡಬೇಕು. ಸೋಪು ಮೈಸೂರು ಸ್ಯಾಂಡಲ್ಲೇ. ನೂರು ವರ್ಷಕ್ಕೂ ಮೇಲ್ಪಟ್ಟು ಊರಲ್ಲೇ ತಯಾರಾಗುತ್ತಿರುವುದನ್ನು ಬಿಟ್ಟು ಬೇರೆಯದೇಕೆ?

ಸದ್ಯಕ್ಕೆ ಒಂದು ತಲೆನೋವು ಉಳಿದಿದೆ. ಟೇಪಿನ ಹೊಸ ರೋಲ್ ಹಳೆಯದಕ್ಕಿಂತ ಮಂಜು ಜಾಸ್ತಿ, ಖಾಲಿ ಪಟ್ಟಿಯ ರೀಡಿಂಗೇ ಬೇರೆ. ಪ್ರಯೋಗ ಮುಗಿಯುವಷ್ಟು ಟೇಪನ್ನು ಒಂದೇ ಸಲ, ಒಂದೇ ಡಬ್ಬದಿಂದ ತೆಗೆದುಕೊಳ್ಳಿ. ಪ್ರತಿ ಅಳತೆಗೂ ಮೊದಲು ಅದೇ ರೋಲಿನ ಖಾಲಿ ಪಟ್ಟಿ ಇಟ್ಟು, ಬರೆದುಕೊಳ್ಳುವಾಗ ಲಕ್ಸ್ ಅಲ್ಲ, ಎರಡರ ಅನುಪಾತ ಬರೆಯಿರಿ.